ಥರ್ಮಾಕೋಲ್ ಮೂಟೆ

ಇನ್ನು ಮುಂದೆ ತಲೆಯ ಮೇಲೆ ಮೂಟೆ ಹೊರುವುದಿಲ್ಲವೆಂದು ಮುನಿರಾಮಯ್ಯ ಮಗಳ ನೆತ್ತಿ ಮುಟ್ಟಿ ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಅದನ್ನು ಮುರಿಯುವಂಥ ಸಂದರ್ಭ ಈವರೆಗೆ ಬಂದಿರಲೇ ಇಲ್ಲ. ಈಗ, ಹೆಬ್ಬಾಳದ ದೊಡ್ಡ ಹೋಟೆಲಿನ ಬಾಲ್‌ರೂಮಿನ ಹಿಂದಿನ ಕಾರಿಡಾರಿನಲ್ಲಿ, ಮೋನಿಕಾ ಎಂಬ ಹುಡುಗಿ ಕೆಂಪು ಸ್ಯಾಟಿನ್ನಿನ ಪೇಟವೊಂದನ್ನು ಹಿಡಿದುಕೊಂಡು ಅವನ ತಲೆಯನ್ನು ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ನೋಡುತ್ತಿದ್ದಳು.

ಅವನು ದುಂಡು ಮೇಜೊಂದನ್ನು ಅಂಚಿನ ಮೇಲೆ ನಿಲ್ಲಿಸಿ ಗಾಲಿಯಂತೆ ಉರುಳಿಸಿಕೊಂಡು ಬರುತ್ತಿದ್ದವನು ಹಾಗೇ ನಿಂತಿದ್ದ. ಹತ್ತು ಜನ ಕೂರುವ ಮೇಜು. ಎತ್ತುವುದಾದರೆ ಇಬ್ಬರು ಬೇಕು, ಉರುಳಿಸುವುದಾದರೆ ಒಬ್ಬ ಸಾಕು. ಬೆಳಿಗ್ಗೆ ಆರರಿಂದ ಇದು ನಲವತ್ತೊಂದನೆಯದು.

"ಅಂಕಲ್, ನೀವು ಯಶವಂತಪುರ ಯಾರ್ಡಲ್ಲಿ ಇದ್ರಂತೆ? ಕ್ಯಾಪ್ಟನ್ ಹೇಳಿದ್ರು."

"ಊ ಮೇಡಂ. ಇಪ್ಪತ್ತೆರಡು ವರ್ಷ ಅಮಾಲಿ ಮಾಡಿದೀನಿ."

"ಅಯ್ಯೋ ದೇವ್ರೇ, ಬೆಳಗ್ಗಿಂದ ಹುಡುಕ್ತಿದ್ದೀನಿ, ಇಲ್ಲೇ ಇದೀರಲ್ಲ ನೀವು!" ಎಂದು ಮೋನಿಕಾ ಪೇಟವನ್ನು ಅವನ ತಲೆಗೆ ಇಟ್ಟೇಬಿಟ್ಟಳು.

ಮೊಬೈಲಿನಲ್ಲಿ ಒತ್ತಿದರೆ ಮನೆ ಬಾಗಿಲಿಗೆ ತರಕಾರಿ ತಂದುಕೊಡುವ ಕಂಪನಿಯೊಂದಕ್ಕೆ ಅಂದು ಹತ್ತು ವರ್ಷ ತುಂಬಿತ್ತು. ಮಧ್ಯಾಹ್ನ ಆರುನೂರು ಜನರ ಊಟ. ಬಾಲ್‌ರೂಮನ್ನೇ ತರಕಾರಿ ಮಂಡಿಯ ಹಾಗೆ ಮಾಡಬೇಕೆಂದು ಕಂಪನಿಯವರು ಹೇಳಿದ್ದರು. ಬಿದಿರಿನ ಅಂಗಡಿಗಳು ಎದ್ದಿದ್ದವು, ತಕ್ಕಡಿಗಳು ನೇತಾಡುತ್ತಿದ್ದವು, ಪ್ಲಾಸ್ಟಿಕ್ಕಿನ ಬದನೆಕಾಯಿ ರಾಶಿಯ ಮೇಲೆ ಯಾರೋ ನೀರು ಚಿಮುಕಿಸಿ ಹೊಳಪು ಬರಿಸಿದ್ದರು. ಇದನ್ನೆಲ್ಲ ಮಾಡಿಸುವ ಜವಾಬ್ದಾರಿ ಹೊತ್ತ ಈವೆಂಟ್ ಕಂಪನಿಯಿಂದ ಬಂದವಳು ಮೋನಿಕಾ. ಒಬ್ಬಳೇ ನಿಂತು ಮಾಡಿಸುತ್ತಿದ್ದ ಮೊದಲ ಕಾರ್ಯಕ್ರಮ. ತಿಂಡಿಗೆಂದು ತಂದಿದ್ದ ಇಡ್ಲಿಯ ಪೊಟ್ಟಣ ಹಾಗೇ ಅವಳ ಚೀಲದಲ್ಲಿ ಆರುತ್ತಿತ್ತು.

"ಓನರ್ ಸರ್ ಎಂಟ್ರಿ ಆಗ್ತಿದ್ದಂಗೆ ನಾಲ್ಕು ಜನ ಹಮಾಲಿಗಳು ಮೂಟೆ ಹೊತ್ಕೊಂಡು ಬಾಗ್ಲಿಂದ ಸ್ಟೇಜ್ ತನಕ ಬರ್ಬೇಕು ಅಂಕಲ್. ಮೂರು ಜನ ಸಿಕ್ಕಿದಾರೆ. ನೀವೊಬ್ರು ಬಂದ್ಬಿಡಿ."

ಮುನಿರಾಮಯ್ಯ ಪೇಟವನ್ನು ತೆಗೆದು ಅವಳ ಕೈಗೇ ಕೊಟ್ಟ. "ನಾನು ತಲೆ ಮ್ಯಾಲೆ ಒರಾಕಿಲ್ಲ ಮೇಡಂ. ಬೇರೆ ಏನ್ ಕೆಲ್ಸ ಆದ್ರೂ ಏಳಿ."

"ಅಯ್ಯೋ, ನಿಜವಾದ ಮೂಟೆ ಅಲ್ಲ ಅಂಕಲ್!" ಗೋಡೆಗೆ ಒರಗಿಸಿದ್ದ ಗೋಣಿಚೀಲವೊಂದನ್ನು ಮೋನಿಕಾ ಎರಡೇ ಬೆರಳಿನಲ್ಲಿ ಎತ್ತಿ ತೋರಿಸಿದಳು. "ಥರ್ಮಾಕೋಲ್. ನಾನೇ ಹೊತ್ಕೋಬಹುದು."

ಅವನು ಮೇಜನ್ನು ಉರುಳಿಸಿಕೊಂಡು ಮುಂದೆ ಹೋದ.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ, ಮಂಡಿ ಯಾರ್ಡಿನಲ್ಲಿ ಲಾರಿಯಿಂದ ಈರುಳ್ಳಿ ಇಳಿಸುವಾಗ, ಅವನ ಕತ್ತಿನೊಳಗೆ ಏನೋ ಲಟಕ್ಕೆಂದಿತ್ತು. ಮೂಟೆಯನ್ನು ಪೇರಿಸಿಟ್ಟ ಮೂಟೆಗಳ ಅಟ್ಟಿಗೆ ಹಾಕಿ ತಿರುಗಿದವನಿಗೆ ಬಲಗೈಯೇ ತನ್ನದಲ್ಲ ಎನಿಸಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಅವನ ಕಣ್ಣು ಮುಚ್ಚಿಸಿ, ಒಂದೊಂದೇ ಬೆರಳಿಗೆ ಪಿನ್ನು ತಾಗಿಸಿ, "ಈಗ ಯಾವುದು?" ಎಂದು ಕೇಳಿದ್ದರು. ಕಿರುಬೆರಳಿಗೂ ಉಂಗುರದ ಬೆರಳಿಗೂ ಏನೂ ತಿಳಿದಿರಲಿಲ್ಲ. ಆಗ ಒಂಬತ್ತು ವರ್ಷದವಳಾಗಿದ್ದ ಮಂಜುಶ್ರೀ ಪಕ್ಕದಲ್ಲಿ ನಿಂತು ಅದನ್ನು ನೋಡಿದ್ದಳು. ಅಲ್ಲಿಂದ ಮೂರು ತಿಂಗಳು, ದಿನಾ ಸಂಜೆ ಸ್ಕೂಲಿನಿಂದ ಬಂದವಳೇ ಅಮ್ಮನ ಸೆರಗಿನ ಪಿನ್ನು ತೆಗೆದುಕೊಂಡು ಅಪ್ಪನ ಕಣ್ಣು ಮುಚ್ಚಿಸುತ್ತಿದ್ದಳು. "ಈಗ ಯಾವ್ದು ಹೇಳು?" ಊಟಕ್ಕೆ ಕೂತರೆ ಮುದ್ದೆ ಮುರಿದು, ಸಾರಿಗೆ ಅದ್ದಿ, ಅವಳೇ ಬಾಯಿಗಿಡುತ್ತಿದ್ದಳು. ಒಂದು ಸಂಜೆ ಅವನು "ಅಯ್ಯೋ!" ಎಂದು ಕಿರುಬೆರಳನ್ನು ಎಳೆದುಕೊಂಡಾಗ ಹುಡುಗಿ ಮನೆಯೆಲ್ಲ ಕುಣಿದಿದ್ದಳು. ಕುಣಿದು ಸಾಕಾದ ಮೇಲೆ ಬಂದು, ಎಚ್ಚರಗೊಂಡ ಆ ಕೈಯನ್ನೇ ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡು, "ಇನ್ಮೇಲೆ ತಲೆ ಮೇಲೆ ಮೂಟೆ ಹೊರಲ್ಲ ಅನ್ನು" ಎಂದಿದ್ದಳು. ಅವನು ಅಂದಿದ್ದ.

ಆಮೇಲೆ ಅಪಾರ್ಟ್‌ಮೆಂಟುಗಳಲ್ಲಿ ವಾಚ್‌ಮನ್ ಕೆಲಸ. ಈಗ ಮೂರು ವರ್ಷದಿಂದ ಈ ಹೋಟೆಲಿನಲ್ಲಿ ಕ್ಯಾಶುಯಲ್. ಕಂಟ್ರಾಕ್ಟರಿನ ವಾಟ್ಸಾಪ್ ಗುಂಪಿನಲ್ಲಿ ಹಿಂದಿನ ದಿನ ಸಂಜೆ ಹೆಸರು ಬಂದರೆ ಕೆಲಸ, ಬರದಿದ್ದರೆ ಇಲ್ಲ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿರುವುದಿಲ್ಲ. 'ಕ್ಯಾಶುಯಲ್ 14' ಎಂದಿರುತ್ತದೆ. ಮೇಜು, ಕುರ್ಚಿ, ಸ್ಟೇಜು ಎಲ್ಲ ಟ್ರಾಲಿಯ ಮೇಲೆ ಹೋಗುತ್ತದೆ, ತಲೆಗೆ ಏನೂ ಬರುವುದಿಲ್ಲ. ಕುರ್ಚಿಯ ಸಾಲು ನೇರ ಬರಲೆಂದು ಅವನು ಈ ತುದಿಯಿಂದ ಆ ತುದಿಗೆ ದಾರ ಹಿಡಿಸುತ್ತಿದ್ದ. ದಾರದ ಸಾಲು ಮುನಿರಾಮಯ್ಯನದು ಎಂದು ಜೊತೆಯವರಿಗೆ ಗೊತ್ತಿತ್ತು. ಮೇಲಿನವರಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. ಅತಿಥಿಗಳು ಬರುವ ಹೊತ್ತಿಗೆ ಕ್ಯಾಶುಯಲ್‌ಗಳೆಲ್ಲ ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿರಬೇಕು ಎಂಬುದು ಅಲ್ಲಿಯ ಮೊದಲ ನಿಯಮ.

ಇದನ್ನೇ, ಬಾಲ್‌ರೂಮಿನ ಕೆಲಸದವರನ್ನು ನೋಡಿಕೊಳ್ಳುವ ಕ್ಯಾಪ್ಟನ್ ಸುಬ್ರಮಣಿ ಅವನನ್ನು ಪಕ್ಕಕ್ಕೆ ಕರೆದು ಹೇಳಿದ.

"ಮುನಿರಾಮಣ್ಣ, ಆ ಹುಡುಗಿಗೆ ಯಾಕೆ ಆಗಲ್ಲ ಅಂದ್ರಿ? ಈ ವಾರ ಮ್ಯಾನೇಜರ್ ಒಂದು ಹೆಸರು ಕಳಿಸ್ಬೇಕು, ಪರ್ಮನೆಂಟ್‌ಗೆ. ಒಂದೇ ಹೆಸರು. ನಾನು ನಿಮ್ಮ ಹೆಸರು ಹೇಳ್ದೆ. 'ಯಾರ್ರೀ ಅದು?' ಅಂದ್ರು ಅಣ್ಣ. ಮೂರು ವರ್ಷ ಆಗಿದೆ ನೀವು ಬಂದು. ನಿಮ್ಮ ಮುಖಾನೇ ನೋಡಿಲ್ಲ ಅವ್ರು."

"ಎಂಗ್ ನೋಡ್ತಾರೆ ಸಾರ್, ನಾವು ಇಂದಿನ್ ಬಾಗ್ಲು ಗಿರಾಕಿಗಳು."

"ಅದ್ಕೇ ಹೇಳ್ತಿರೋದು. ಇವತ್ತು ಮುಂದಿನ ಬಾಗ್ಲಲ್ಲಿ ಬರ್ತೀರಿ. ಮ್ಯಾನೇಜರ್ ಅಲ್ಲೇ ನಿಂತಿರ್ತಾರೆ. ಒಂದ್ಸಲ ಕಣ್ಣಿಗೆ ಬಿದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೊತೀನಿ."

ಪರ್ಮನೆಂಟ್ ಅಂದರೆ ಬಿಲ್ಲೆಯಲ್ಲಿ ಹೆಸರು. ಇಎಸ್‌ಐ ಕಾರ್ಡು. ಸಂಜೆ ಆರರಿಂದ ಎಂಟರವರೆಗೆ ಫೋನನ್ನು ಎದುರಿಗಿಟ್ಟುಕೊಂಡು ನಾಳೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವುದು ಇರುವುದಿಲ್ಲ. ಐವತ್ತನಾಲ್ಕರ ವಯಸ್ಸಿನಲ್ಲಿ ಇನ್ನೊಂದು ಸಲ ಯಾರೂ ಕೇಳುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಅವನು ಸಾಮಾನು ಇಳಿಸುವ ಕಟ್ಟೆಯ ಹತ್ತಿರ ಹೋಗಿ, ಕ್ಯಾಮೆರಾದ ಮೇಲೆ ಸೆಕ್ಯುರಿಟಿಯವರು ಕೆಂಪು ಸ್ಟಿಕ್ಕರ್ ಅಂಟಿಸಿದ್ದ ಫೋನನ್ನು ತೆಗೆದು ಮಗಳಿಗೆ ಫೋನು ಮಾಡಿದ. ಮಂಜುಶ್ರೀ ಯಲಹಂಕ ನ್ಯೂಟೌನಿನ ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದಳು.

"ಏನಪ್ಪ ಈ ಹೊತ್ನಲ್ಲಿ? ಅಂಗಡಿ ತುಂಬ ಜನ ಇದಾರೆ."

"ಏನಿಲ್ಲ ಕಣ್ ಮಂಜಾ. ಇಲ್ಲಿ ಒಂದು ಮೂಟೆ ಒತ್ಕೊಂಡು ನಡೀಬೇಕಂತೆ."

ಅವಳು ಬಾಯಿ ತೆರೆಯುವ ಮೊದಲೇ ಅವನು ಮುಂದುವರಿಸಿದ.

"ಒಳ್ಗೆ ಇರಾದು ಥರ್ಮಾಕೋಲು ಕಣಮ್ಮ. ಟಿವಿ ಡಬ್ಬದಾಗೆ ಬತ್ತದಲ್ಲ, ಅದು. ನಾಟ್ಕ ಇದ್ದಂಗೆ. ಆದ್ರೂ ಒಂದ್ ಮಾತು ನಿನ್ನ ಕೇಳಾಣ ಅಂತ."

"ಅಪ್ಪಾ! ಥರ್ಮಾಕೋಲ್ ಹೊರೋಕೆ ನನ್ನ ಪರ್ಮಿಷನ್ ಕೇಳೋಕೆ ಫೋನ್ ಮಾಡಿದ್ಯಾ?" ಮಂಜುಶ್ರೀ ಜೋರಾಗಿ ನಕ್ಕಳು. ಯಾರಿಗೋ, "ಆಂಟಿ, ಇದು ಊಟ ಆದ್ಮೇಲೆ" ಎಂದು ಹೇಳಿ ಮತ್ತೆ ಫೋನಿಗೆ ಬಂದಳು. "ಸರಿ, ಹೊತ್ಕೋ. ಆದ್ರೆ ಒಂದು ಕೆಜಿ ಮೇಲೆ ಹೋದ್ರೆ ಮಾತು ಮುರ್ದಂಗೆ, ಗೊತ್ತಾಯ್ತಾ? ನನ್ನ ತಲೆ ಮೇಲೆ ಕೈ ಇಟ್ಟಿದ್ದೀಯ."

"ಅದ್ರಾಗೆ ಅರ್ಧ ಕೇಜಿನೂ ಇಲ್ಲ ಕಣೇ."

ಅವನು ಒಳಗೆ ಬಂದಾಗ ಉಳಿದ ಮೂವರಿಗೆ ಮೋನಿಕಾ ಎಲ್ಲವನ್ನೂ ವಿವರಿಸಿ ಆಗಿತ್ತು. ಅಂಚುಪಂಚೆ, ಹೊಸ ಬನೀನು, ಪೇಟ. ಜಾಲಹಳ್ಳಿಯ ಗೋಪಿ, ಕ್ಯಾಶುಯಲ್ 9, ಆಗಲೇ ಕಟ್ಟಿಕೊಂಡು ಉಗ್ರಾಣದ ಕನ್ನಡಿಯ ಮುಂದೆ ಮೀಸೆ ತಿರುವುತ್ತಿದ್ದ. ಫ್ಯಾಕ್ಟರಿಯೊಂದರಲ್ಲಿ ಹದಿನಾಲ್ಕು ವರ್ಷ ಲೇತ್ ತಿರುಗಿಸಿ, ಅದು ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದವನು.

"ಬಾ ಮುನಿಯಣ್ಣ. ನಮ್ಮ ಹೆಂಡ್ತಿ ನೋಡಿದ್ರೆ ಇನ್ನೊಂದ್ಸಲ ಮದ್ವೆ ಆಗ್ತಾಳೆ ಗುರು ನನ್ನ."

"ಒಂದ್ಸಲಕ್ಕೇ ಅವ್ಳಿಗೆ ಸಾಕಾಗಿರ್ತದೆ, ಸುಮ್ಕಿರು."

ರಿಹರ್ಸಲ್ ಶುರುವಾಯಿತು. ಗೋಪಿ ಮೂಟೆಯನ್ನು ತಲೆಗಿಟ್ಟುಕೊಂಡು, ಒಂದು ಕೈ ಸೊಂಟಕ್ಕಿಟ್ಟು, ಮುಖ ಹಿಂಡಿ, ಹೆಜ್ಜೆಗೊಂದು ಉಸಿರು ಬಿಡುತ್ತ ನಡೆದ. ಮೋನಿಕಾ ಚಪ್ಪಾಳೆ ತಟ್ಟಿದಳು. ಇನ್ನಿಬ್ಬರೂ ಅವನನ್ನೇ ನೋಡಿ ಹಾಗೇ ಮಾಡಿದರು. ಕೊನೆಗೆ ಮುನಿರಾಮಯ್ಯನ ಸರದಿ.

ಇಬ್ಬರು ಮೂಟೆ ಎತ್ತಿ ಅವನ ತಲೆಯ ಮೇಲೆ ಹಿಡಿದರು. ಗೋಣಿಯ ವಾಸನೆ ಮೂಗಿಗೆ ಬಡಿದದ್ದೇ ಸಾಕಾಯಿತು. ಅವನ ಮಂಡಿಗಳು ತಾವೇ ಬಾಗಿದವು, ಹೊಟ್ಟೆ ಒಳಗೆ ಹೋಯಿತು, ಕತ್ತು ಬಿಗಿಯಿತು. "ಬಿಡು!" ಎಂದವನೇ ಯಾರ್ಡಿನ ತೊಂಬತ್ತು ಕೆಜಿ ಮೂಟೆಗೆ ಬೇಕಾದ ಬಲವನ್ನೆಲ್ಲ ಕಾಲಿಗೆ ಕೊಟ್ಟು ಮೇಲೆದ್ದ. ಮೂಟೆ ಅವನ ತಲೆಯಿಂದ ಚಿಮ್ಮಿ, ಹಿಂದಿದ್ದ ಬಿದಿರಿನ ಅಂಗಡಿಯ ಮೇಲೆ ಹಾರಿ, ಪ್ಲಾಸ್ಟಿಕ್ ಬದನೆಕಾಯಿ ರಾಶಿಗೆ ಬಿದ್ದಿತು. ಬದನೆಕಾಯಿಗಳು ಕಾರ್ಪೆಟ್ಟಿನ ತುಂಬ ಉರುಳಿದವು. ಇಡೀ ಹಾಲು ನಕ್ಕಿತು. ಮುನಿರಾಮಯ್ಯನೂ ನಕ್ಕ.

ಎರಡನೆಯ ಸಲ ಅವನು ಮೂಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆದ. ದಿಂಬು ಹೊತ್ತವನ ಹಾಗೆ ಕಾಣಿಸಿದ. "ಭಾರ ಇರೋ ಥರ, ಅಂಕಲ್, ನಿಧಾನಕ್ಕೆ, ಕಷ್ಟ ಪಟ್ಕೊಂಡು" ಎಂದಳು ಮೋನಿಕಾ. ನಿಧಾನಕ್ಕೆ ಎಂಬುದೇ ಅವನಿಗೆ ಅರ್ಥವಾಗಲಿಲ್ಲ. ಭಾರ ಹೊತ್ತವನು ಎಲ್ಲಾದರೂ ನಿಧಾನವಾಗಿ ನಡೆಯುತ್ತಾನೆಯೇ? ಯಾರ್ಡಿನಲ್ಲಿ ಮೂಟೆ ತಲೆಗೆ ಬಂದರೆ ಓಡುನಡಿಗೆ. ಚಿಕ್ಕ ಹೆಜ್ಜೆ, ಮುಖದಲ್ಲಿ ಏನೂ ಇರುವುದಿಲ್ಲ, ಮುಖ ಹಿಂಡಲು ಶಕ್ತಿ ಯಾರಿಗಿರುತ್ತದೆ? ಮೂರನೆಯ ಸಲ ಮುಖ ಹಿಂಡಿ ನೋಡಿದ. ಹಲ್ಲುನೋವಿನವನ ಹಾಗೆ ಕಂಡಿರಬೇಕು, ಮೇಲ್ವಿಚಾರಣೆಗೆ ಬಂದಿದ್ದ ತರಕಾರಿ ಕಂಪನಿಯ ಮನುಷ್ಯನೊಬ್ಬ ಪಕ್ಕದಲ್ಲಿ ನಿಂತಿದ್ದ ಹೋಟೆಲಿನ ಮ್ಯಾನೇಜರಿನ ಕಡೆ ತಿರುಗಿ, "ಆ ಲಾಸ್ಟ್‌ನವರು ತುಂಬಾ ಫೇಕ್ ಕಾಣ್ತಿದಾರೆ" ಎಂದ.

ಮ್ಯಾನೇಜರ್ ಮೊದಲ ಬಾರಿಗೆ ಮುನಿರಾಮಯ್ಯನ ಕಡೆ ನೋಡಿದ. ನೋಡಿ, "ಅವರ ಬದ್ಲು ಬೇರೆ ಯಾರನ್ನಾದ್ರೂ ಹಾಕಿ ಸುಬ್ರಮಣಿ" ಎಂದ.

ಮೋನಿಕಾ ಅವನ ಹತ್ತಿರ ಬಂದು, ದನಿ ತಗ್ಗಿಸಿ, ತನ್ನ ತಪ್ಪೇ ಎಂಬಂತೆ ಹೇಳಿದಳು. "ಬೇಜಾರ್ ಮಾಡ್ಕೋಬೇಡಿ ಅಂಕಲ್. ಪರ್ವಾಗಿಲ್ಲ. ನಿಮಗೆ ಮೂಟೆ ಹೊರೋದು ಬರ್ತಿಲ್ಲ, ಅಷ್ಟೇ."

ಮುನಿರಾಮಯ್ಯ ಕೆಳಗೆ ನೋಡಿದ. ಒಂದು ಬದನೆಕಾಯಿ ಅವನ ಕಾಲ ಬಳಿ ಬಿದ್ದಿತ್ತು. ಅದನ್ನೆತ್ತಿ ರಾಶಿಯ ಮೇಲಿಟ್ಟ.

"ಮೇಡಂ, ಅಡುಗೆಮನೆ ಉಗ್ರಾಣದಾಗೆ ಆಲೂಗಡ್ಡೆ ಮೂಟೆ ಅವೆ. ಒಂದು ತರುಸ್ಕೊಡಿ."

"ನಿಜವಾದ್ದಾ? ಬೇಡ ಅಂಕಲ್, ತುಂಬಾ ಭಾರ ಇರುತ್ತೆ!"

"ಐವತ್ತು ಕೇಜಿ. ಬಾರ ಇಲ್ದಿದ್ರೆ ನಂಗೆ ಬರಾಕಿಲ್ಲ ಮೇಡಂ."

ಮೋನಿಕಾ ಗಡಿಯಾರ ನೋಡಿದಳು. ಹನ್ನೆರಡೂ ಮುಕ್ಕಾಲು. ಕ್ಯಾಪ್ಟನ್ ಕಡೆ ನೋಡಿದಳು. ಸುಬ್ರಮಣಿ ಟ್ರಾಲಿ ತಳ್ಳಿಕೊಂಡು ಅಡುಗೆಮನೆಯ ಕಡೆ ಹೋದ.

ಕಾರಿಡಾರಿನಲ್ಲಿ ಗೋಪಿ ಅವನ ತೋಳು ಹಿಡಿದ. "ತಲೆ ಕೆಟ್ಟಿದ್ಯಾ ಮುನಿಯಣ್ಣ? ಮಗಳ ತಲೆ ಮುಟ್ಟಿ ಏನಂದಿದ್ದೆ ನೀನು? ನೀನೇ ಹೇಳಿದ್ಯಲ್ಲ ನಂಗೆ."

"ಬಾಗ್ಲಿಂದ ಸ್ಟೇಜಿಗೆ ಅರವತ್ತೆಜ್ಜೆ ಕಣೋ. ಮೇಜು ಆಕಿದವ್ನು ನಾನೇ, ನಂಗೊತ್ತಿಲ್ವಾ? ಒಂದ್ ನಿಮಿಷ ಇಡಿಯಾಕಿಲ್ಲ."

"ಅಲ್ಲಣ್ಣ, ಆ ಹುಡುಗಿ ಏನೋ ಅಂದ್ಳು ಅಂತ..."

"ಅವ್ಳು ಪಾಪ ಏನೂ ಅಂದಿಲ್ಲ. ಬಂದು ಒಂದ್ ಕೈ ಆಕು."

ಅವನು ಊಟದ ಮೇಜಿನ ಎರಡು ಕರವಸ್ತ್ರಗಳನ್ನು ಹೊಸೆದು, ಸುತ್ತಿ, ಸಿಂಬೆ ಮಾಡಿ ಪೇಟದೊಳಗೆ ಇಟ್ಟುಕೊಂಡ. ಬೆರಳುಗಳು ಹನ್ನೊಂದು ವರ್ಷದ ನಂತರವೂ ಅದನ್ನು ಮರೆತಿರಲಿಲ್ಲ. ಗೋಪಿಯೂ ಸುಬ್ರಮಣಿಯೂ ಆ ಕಡೆ ಈ ಕಡೆ ಹಿಡಿದು ಆಲೂಗಡ್ಡೆ ಮೂಟೆಯನ್ನು ಎತ್ತಿದರು. ಅದು ತಲೆಗೆ ಬಂದು ಕೂತಾಗ ಅವನು ಕತ್ತನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದ. ಮೂಟೆ ತನ್ನ ಜಾಗ ಹುಡುಕಿಕೊಂಡಿತು.

"ಬಿಡು."

ಬಾಗಿಲು ತೆರೆಯಿತು. ಕಂಪನಿಯ ಒಡೆಯ ಎಲ್ಲರಿಗೂ ಕೈ ಬೀಸುತ್ತ ಒಳಗೆ ಬಂದ, ತಮಟೆ ಬಡಿಯಿತು, ಗೋಪಿ ಮತ್ತು ಇನ್ನಿಬ್ಬರು ಏದುಸಿರು ಬಿಡುತ್ತ ಮುಂದೆ ಹೋದರು. ಆಮೇಲೆ ಮುನಿರಾಮಯ್ಯ. ಯಾರ್ಡಿನ ಕಲ್ಲುನೆಲ ಅಭ್ಯಾಸವಾಗಿದ್ದ ಪಾದಕ್ಕೆ ಕಾರ್ಪೆಟ್ಟು ಕೆಸರಿನಂತೆ ಜಗ್ಗಿತು. ಅವನು ಹೆಜ್ಜೆ ಚಿಕ್ಕದು ಮಾಡಿ ವೇಗ ಹೆಚ್ಚಿಸಿದ. ಎದುರಿಗೆ ಮಜ್ಜಿಗೆ ಲೋಟ ಹಿಡಿದು ಮಾತಾಡುತ್ತ ನಿಂತಿದ್ದ ಗುಂಪು ಸರಿಯಲಿಲ್ಲ.

"ಸೈಡೂ! ಏಯ್ ಸೈಡು! ಬಾರ ಬತ್ತೈತೆ ಬಾರಾ!"

ಕೂಗಿದ ಮೇಲೆ ಅವನಿಗೆ ತಾನೆಲ್ಲಿದ್ದೇನೆಂದು ನೆನಪಾಯಿತು. ಗುಂಪು ಬೆಚ್ಚಿ ಎರಡಾಯಿತು. ಒಬ್ಬಳ ಲೋಟದಿಂದ ಮಜ್ಜಿಗೆ ತುಳುಕಿತು. ಆಮೇಲೆ ಯಾರೋ ನಕ್ಕು ಸಿಳ್ಳೆ ಹಾಕಿದರು, ಇಡೀ ಹಾಲು ಚಪ್ಪಾಳೆ ತಟ್ಟಿತು. ಮ್ಯಾನೇಜರೂ ತಟ್ಟುತ್ತಿದ್ದ. ಕತ್ತು ಕಂಬದಂತೆ ನಿಂತಿತ್ತು, ಉಸಿರು ಸರಿಯಾಗಿತ್ತು, ಐವತ್ತನಾಲ್ಕು ವರ್ಷದ ಕಾಲುಗಳು ಮೂವತ್ತರ ಕಾಲುಗಳ ಹಾಗೆ ನಡೆಯುತ್ತಿದ್ದವು. ಅವನು ಸಂತೋಷವಾಗಿದ್ದ.

ಅರವತ್ತನೆಯ ಹೆಜ್ಜೆಗೆ ಸ್ಟೇಜಿನ ಪಕ್ಕದ ಬಿದಿರಿನ ಅಂಗಡಿ ಬಂದಿತು. ಗೋಪಿ ಮತ್ತು ಇನ್ನಿಬ್ಬರು ಮೂಟೆ ಇಳಿಸದೆ, ನಗುತ್ತ, ಸಾಲಾಗಿ ನಿಂತಿದ್ದರು. ಎದುರಿಗೆ ಕ್ಯಾಮೆರಾದವನು. ಅತಿಥಿಗಳು ಫೋನು ಹಿಡಿದು ಬರುತ್ತಿದ್ದರು. ಫೋಟೋ ಮುಗಿಯುವ ತನಕ ಅಲ್ಲೇ ನಿಲ್ಲಬೇಕೆಂದು ಮೋನಿಕಾ ಹೇಳಿದ್ದು ಅವನು ಮಗಳಿಗೆ ಫೋನು ಮಾಡಲು ಹೋಗಿದ್ದಾಗ.

ಮೂಟೆ ಹೊತ್ತು ನಿಲ್ಲುವುದು ಎಂಬುದೊಂದು ಇರಬಹುದೆಂದು ಮುನಿರಾಮಯ್ಯನಿಗೆ ಹೊಳೆದೇ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಲಾರಿಯಿಂದ ಅಟ್ಟಿಗೆ, ಅಟ್ಟಿಯಿಂದ ಗಾಡಿಗೆ. ಭುಜದೆತ್ತರದ ಅಟ್ಟಿಗೆ ಕತ್ತು ವಾಲಿಸಿದರೆ ಮೂಟೆ ತಾನೇ ಹೋಗಿ ಕೂರುತ್ತಿತ್ತು. ಇಲ್ಲಿ ಅಟ್ಟಿಯಿಲ್ಲ. ಮುಂದೆ ಎಸೆದರೆ ಜನರ ಕಾಲು, ಹಿಂದೆ ಎಸೆದರೆ ಗಾಜಿನ ದೀಪಗಳು. ಕೂಗೋಣವೆಂದರೆ ಒಂದು ಸಲ ಕೂಗಿ ಆಗಿತ್ತು. ಇನ್ನೊಮ್ಮೆ ಕೂಗಿದರೂ ಇವರು ಚಪ್ಪಾಳೆಯನ್ನೇ ತಟ್ಟುತ್ತಾರೆ. ಅವನು ನಿಂತ.

"ಅಂಕಲ್, ಈ ಕಡೆ ನೋಡಿ. ಸ್ಮೈಲ್!"

"ಒಂದೇ ಒಂದು ಸೆಲ್ಫಿ ಅಂಕಲ್."

ಯಾರೋ ಮೂಟೆಯನ್ನು ತಟ್ಟಿದರು. "ಲೋ ಮಚ್ಚಾ, ಇದು ನಿಜವಾದ ಆಲೂಗಡ್ಡೆ ಕಣೋ!" ಇನ್ನೂ ನಾಲ್ಕು ಜನ ಬಂದು ತಟ್ಟಿ ನೋಡಿದರು. ಪ್ರತಿ ತಟ್ಟಿಗೂ ಮೂಟೆ ಒಂದಿಷ್ಟು ಸರಿಯಿತು. ಕತ್ತಿನ ಬಲಗಡೆಯಿಂದ ಬಿಸಿ ತಂತಿಯೊಂದು ಭುಜಕ್ಕೆ ಇಳಿಯಿತು, ಭುಜದಿಂದ ಮೊಣಕೈಗೆ. ಕಂಪನಿಯ ಒಡೆಯನೇ ಬಂದ. ಒಳ್ಳೆಯ ಮನುಷ್ಯ, ಅಕ್ಕರೆಯಿಂದ ಅವನ ಹೆಗಲ ಮೇಲೆ ಕೈ ಹಾಕಿ, "ನಿಮ್ಮಂಥವರಿಂದಲೇ ನಾವು" ಎಂದು ಕ್ಯಾಮೆರಾದ ಕಡೆ ತಿರುಗಿದ. ಆ ಕೈಯ ಭಾರವೂ ಸೇರಿತು.

ಮೊದಲು ಗೋಪಿ ನೋಡಿದ. ತನ್ನ ಮೂಟೆಯನ್ನು ಬಿಸಾಡಿ ಓಡಿ ಬಂದ; ಅದು ಚೆಂಡಿನಂತೆ ಪುಟಿದು ಹೋಯಿತು. ಮೋನಿಕಾ ಕೂಡ ಅವನ ಮುಖ ಕಂಡು, ಕೈಯಲ್ಲಿದ್ದ ಕಾಗದಗಳನ್ನು ನೆಲಕ್ಕೆ ಹಾಕಿ, ಮೂಟೆಗೆ ತಾನೇ ಕೈ ಕೊಟ್ಟಳು. ಅಂಗಡಿಯ ಹಿಂದಕ್ಕೆ ನಡೆಸಿಕೊಂಡು ಹೋಗಿ ಇಬ್ಬರೂ ಇಳಿಸಿದರು. ಮುನಿರಾಮಯ್ಯ ಮೂಟೆಯ ಮೇಲೆಯೇ ಕೂತ.

"ಯಾಕೆ ಹೇಳ್ಲಿಲ್ಲ ಅಂಕಲ್ ನೀವು? ಇಳಿಸಿ ಅಂತ ಒಂದು ಮಾತು ಹೇಳ್ಬಾರ್ದಾ?" ಎಂದಳು ಮೋನಿಕಾ.

"ಇದು ನಿಂತ್ಕೊಳಾ ಕೆಲ್ಸ ಅಂತ ನಂಗೂ ಗೊತ್ತಿರ್ನಿಲ್ಲ ಕಣಮ್ಮ. ಓಗು, ಜನ ಕಾಯ್ತಾವ್ರೆ. ಮೊದ್ಲು ಏನಾರ ತಿನ್ನು ನೀನು."

ಊಟ ಮುಗಿದು ಮೇಜುಗಳನ್ನು ಮಡಚುವಾಗ ಮ್ಯಾನೇಜರ್ ಹಿಂದಿನ ಕಾರಿಡಾರಿಗೇ ಬಂದ. ಜೊತೆಯಲ್ಲಿ ಸುಬ್ರಮಣಿ.

"ಹೆಸರೇನು ನಿಮ್ದು?"

"ಮುನಿರಾಮಯ್ಯ ಸಾರ್."

"ಚೆನ್ನಾಗಿ ಮಾಡಿದ್ರಿ. ಕುರ್ಚಿಗಳಿಗೆ ದಾರ ಹಿಡಿಸೋದೂ ನೀವೇ ಅಂತೆ? ನಾಳೆ ಆಧಾರ್ ಜೆರಾಕ್ಸು, ಎರಡು ಫೋಟೋ ತಗೊಂಡು ಬನ್ನಿ. ಒಂದು ಮೆಡಿಕಲ್ ಟೆಸ್ಟ್ ಇರುತ್ತೆ, ದೊಡ್ಡದೇನಲ್ಲ. ಬಿಪಿ, ಶುಗರ್ರು, ಕೈಕಾಲು ಸರಿ ಇದ್ಯಾ ಅಂತ ನೋಡ್ತಾರೆ, ಅಷ್ಟೆ."

ಮುನಿರಾಮಯ್ಯ ಕೈ ಮುಗಿದ. ಮುಗಿದ ಕೈಯಲ್ಲಿ ಎರಡು ಬೆರಳು ಸೇರಿದವೋ ಇಲ್ಲವೋ ಎಂದು ನೋಡಿಯೇ ತಿಳಿಯಬೇಕಾಯಿತು. ಸುಬ್ರಮಣಿ ಮ್ಯಾನೇಜರಿನ ಬೆನ್ನ ಹಿಂದಿನಿಂದ ಹೆಬ್ಬೆರಳು ಎತ್ತಿ ತೋರಿಸಿ ನಕ್ಕ.

ಐದಕ್ಕೆಲ್ಲ ಅವನು ಬಸ್ಸಿನಲ್ಲಿದ್ದ. ಎಡಗೈಯಲ್ಲಿ ಕಂಬಿ ಹಿಡಿದು, ಬಲಗೈಯನ್ನು ಅಂಗಿಯ ಗುಂಡಿಗಳ ನಡುವೆ ಸಿಕ್ಕಿಸಿಕೊಂಡು ನಿಂತಿದ್ದ. ಒಂದು ರಾತ್ರಿ ಮಲಗೆದ್ದರೆ ಸರಿಹೋಗುತ್ತದೆ ಎಂದುಕೊಂಡ. ಮೂಟೆಯಲ್ಲಿ ಥರ್ಮಾಕೋಲೇ ಇತ್ತು ಎಂದು ಮಗಳಿಗೆ ಹೇಳುವುದೆಂದು ನಿರ್ಧರಿಸಿದ. ಹೇಗೂ ಮೂರು ಮೂಟೆಗಳಲ್ಲಿ ಇದ್ದದ್ದು ಅದೇ. ಅಟ್ಟೂರಿನಲ್ಲಿ ಇಳಿದಾಗ ಮನೆಗೆ ನಾಲ್ಕು ಜಿಲೇಬಿ ಕಟ್ಟಿಸಿಕೊಂಡ.

ಹೆಂಡತಿ ಗೌರಮ್ಮ ಪೀಜಿಯೊಂದರ ಅಡುಗೆ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಮಂಜುಶ್ರೀ ಆಗಷ್ಟೇ ಬಂದು ಕಾಫಿಗೆ ಇಟ್ಟಿದ್ದಳು. ಪರ್ಮನೆಂಟ್ ಸುದ್ದಿ ಕೇಳಿ ಅಪ್ಪನ ಬೆನ್ನಿಗೆ ಗುದ್ದಿದಳು.

"ಹಂಗಾದ್ರೆ ಹೆಸರು ಹಾಕಿರೋ ಬಿಲ್ಲೆ ಕೊಡ್ತಾರಾ? ಇನ್ಮೇಲೆ ನಾನು ನಿನ್ನ ಫೋರ್ಟೀನ್ ಅಂತ ಕರಿಯೋ ಹಂಗಿಲ್ಲ. ಥರ್ಮಾಕೋಲ್ ಕೆಲ್ಸ ಮಾಡ್ತು ನೋಡು!"

"ಊ ಮತ್ತೆ."

ಅವನು ಗೋಡೆಗೊರಗಿ ಕೂತು ಕಾಫಿ ಕುಡಿಯತೊಡಗಿದ. ಮಂಜುಶ್ರೀ ಜಿಲೇಬಿ ಮುರಿಯುತ್ತಿದ್ದವಳು ನಿಲ್ಲಿಸಿದಳು.

"ಎಡಗೈಲಿ ಯಾಕಪ್ಪ ಹಿಡ್ಕೊಂಡಿದ್ದೀಯಾ ಲೋಟ?"

"ಸುಮ್ಕೆ."

ಅವಳು ಎದ್ದು ಬಂದು ಎದುರಿಗೆ ಕೂತಳು. ವೇಲಿಗೆ ಹಾಕಿದ್ದ ಪಿನ್ನು ಬಿಚ್ಚಿದಳು. "ಕಣ್ಣು ಮುಚ್ಚು."

"ಏ ಬಿಡಮ್ಮ, ಚಿಕ್ಕುಡ್ಗೀರಂಗೆ."

"ಮುಚ್ಚಪ್ಪ."

ಅವನು ಮುಚ್ಚಿದ. ಅವಳು ಅವನ ಬಲಗೈಯನ್ನು ತೊಡೆಯ ಮೇಲೆಳೆದುಕೊಂಡಳು.

"ಈಗ?"

"ಎಬ್ಬೆಟ್ಟು."

"ಈಗ?"

"ಪಕ್ಕದ್ದು."

"ಈಗ?"

"ನಡೂದು. ಮೆಲ್ಲುಗೆ ಚುಚ್ಚೇ, ನೋಯ್ತದೆ."

ಆಮೇಲೆ ಅವಳು ಏನೂ ಕೇಳಲಿಲ್ಲ. ಪಕ್ಕದ ಮನೆಯ ಕುಕ್ಕರು ಒಂದು ಸೀಟಿ ಹೊಡೆಯಿತು. ಮೇಲೆ ವಿಮಾನವೊಂದು ಇಳಿಯುತ್ತ ಹೋಯಿತು. ಮುನಿರಾಮಯ್ಯ ಕಾದ.

"ಯಾಕ್ ಸುಮ್ಕಾದೆ? ಮುಂದುಕ್ಕೆ ಚುಚ್ಚು."

ಅವನು ಕಣ್ಣು ತೆರೆದ. ಪಿನ್ನು ನೆಲದ ಮೇಲಿತ್ತು. ಅವನ ಕಿರುಬೆರಳು, ಉಂಗುರದ ಬೆರಳು ಎರಡೂ ಮಂಜುಶ್ರೀಯ ಮುಷ್ಟಿಯಲ್ಲಿದ್ದವು. ಎಷ್ಟು ಹೊತ್ತಿನಿಂದ ಹಿಡಿದಿದ್ದಳೋ, ಅವಳ ಗೆಣ್ಣುಗಳು ಬೆಳ್ಳಗಾಗಿದ್ದವು.

"ಎಷ್ಟು ಕೆಜಿ?" ಎಂದಳು.

"ಐವತ್ತು."

ಮಗಳ ನೆತ್ತಿ ಮುಟ್ಟಿ ಕೊಟ್ಟಿದ್ದ ಮಾತನ್ನು ಮುನಿರಾಮಯ್ಯ ಅಂದು ಮುರಿದಿದ್ದ.